ಕೆಟ್ಟ ಚಿತ್ರದ ಮುಂದೆ ಕೂರುತ್ತಿದ್ದ ಮೇಷ್ಟ್ರು

ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸಿದ ನಮ್ಮ ಮೇಷ್ಟ್ರು ಕಳೆದ ಆಷಾಢದಲ್ಲಿ ತೀರಿಕೊಂಡರೆಂದು ಸಹಪಾಠಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಓದಿದಾಗ ನನಗೆ ಅವರ ಪಾಠಗಳಾವುವೂ ನೆನಪಾಗಲಿಲ್ಲ, ಲ್ಯಾಬ್ ನೆನಪಾಯಿತು. "ಔಟ್‌ಪುಟ್ ಬಂತು ಸರ್" ಎಂದವರ ರೆಕಾರ್ಡಿಗೆ ಸಹಿ ಹಾಕಿ ಮುಂದೆ ಸಾಗುತ್ತಿದ್ದ ಅವರು, ಚಿತ್ರ ಕೆಟ್ಟು ಪೇಚಾಡುತ್ತಿದ್ದವರ ಪಕ್ಕದಲ್ಲಿ ಮಾತ್ರ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದರು.

ಅದು ಟರ್ಬೊ ಸಿ ಎಂಬ ತಂತ್ರಾಂಶದಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದ ಕಾಲ. ಒಂದೊಂದೇ ಪಿಕ್ಸೆಲ್ (ಪರದೆಯ ಚುಕ್ಕಿ) ಇಟ್ಟು ವೃತ್ತ ಬರೆಯಬೇಕಿದ್ದಲ್ಲಿ ನಮ್ಮಲ್ಲಿ ಬಹುಪಾಲು ಜನ ಸಿದ್ಧವಿದ್ದ ಸರ್ಕಲ್ ಫಂಕ್ಷನ್ ಬಳಸಿ ಸಹಿ ಗಿಟ್ಟಿಸಿಕೊಂಡೆವು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮಾತ್ರ, ಅಡ್ಡಕ್ಕೆ 640, ಉದ್ದಕ್ಕೆ 350 ಪಿಕ್ಸೆಲ್‌ಗಳ ಪರದೆಯಲ್ಲಿ ತನ್ನ ವೃತ್ತ ಮೇಲಕ್ಕೆ ಜಗ್ಗಿದಂತಿದೆಯೆಂದು, ಮಾನಿಟರಿನ ಗಾಜಿಗೆ ಪ್ಲಾಸ್ಟಿಕ್ ಸ್ಕೇಲ್ ಒತ್ತಿ ಹಿಡಿದು ಅಡ್ಡಕ್ಕೂ ಉದ್ದಕ್ಕೂ ಅಳೆಯುತ್ತಿದ್ದಳು. ಲೆಕ್ಕ ತಪ್ಪಿಲ್ಲ, ಆ ಪರದೆಯ ಪಿಕ್ಸೆಲ್‌ಗಳೇ ಚೌಕವಲ್ಲ, ಅಗಲಕ್ಕಿಂತ ಎತ್ತರ ಹೆಚ್ಚು ಎಂಬುದನ್ನು ಅವಳೇ ಕಂಡುಕೊಂಡ ದಿನ ಮೇಷ್ಟ್ರು ಸಂಜೆಯ ಹೊತ್ತಿಗೆ ಲ್ಯಾಬಿನ ಬೀಗದ ಕೈಯನ್ನು ಅವಳಿಗೆ ಒಪ್ಪಿಸಿದರು. ಇಂಟರ್ನಲ್ಸ್‌ನಲ್ಲಿ ಅವಳಿಗೆ ಬರುತ್ತಿದ್ದುದು ಸಾಧಾರಣ ಅಂಕ.

ನಾನು ಅವರ ಕಣ್ಣಿಗೆ ಬಿದ್ದದ್ದು ಒಂದು ಕಿತಾಪತಿಯಿಂದ. ಆಗಿನ ಕಂಪ್ಯೂಟರುಗಳ ಡಾಸ್ ಪರದೆಯ ಪ್ರತಿಯೊಂದು ಅಕ್ಷರವೂ ಮೆಮೊರಿಯಲ್ಲಿ ಎರಡು ಬೈಟ್‌ಗಳಾಗಿ, ಒಂದು ಅಕ್ಷರಕ್ಕೆ, ಇನ್ನೊಂದು ಬಣ್ಣಕ್ಕೆ, ಕೂತಿರುತ್ತದೆಂದು ತಿಳಿದದ್ದೇ ತಡ, ಅಕ್ಷರಗಳೆಲ್ಲ ಉದುರಿ ಪರದೆಯ ತಳದಲ್ಲಿ ರಾಶಿ ಬೀಳುವ ಪ್ರೋಗ್ರಾಮ್ ಬರೆದು ಲ್ಯಾಬಿನ ಯಂತ್ರಗಳಿಗೆಲ್ಲ ಹಾಕಿದೆ. ಅಟೆಂಡರ್ "ವೈರಸ್ಸು, ವೈರಸ್ಸು" ಎಂದು ಕೂಗುತ್ತ ಮೇನ್ ಸ್ವಿಚ್ಚಿನತ್ತ ಓಡಿದರು. ಮೇಷ್ಟ್ರು ಬಂದು, ಕೈಕಟ್ಟಿ ನಿಂತು ನೋಡಿ, "ಎಲ್ಲಾ ಒಂದೇ ವೇಗದಲ್ಲಿ ಬೀಳ್ತಾ ಇದೆಯಲ್ಲೋ, ಗುರುತ್ವಾಕರ್ಷಣೆ ರಜಾ ಹಾಕಿದೆಯಾ?" ಎಂದರು. ಬೀಳುತ್ತ ವೇಗ ಹೆಚ್ಚಬೇಕು, ನೆಲ ತಾಕಿದಾಗ ಪುಟಿಯಬೇಕು: ಅದೇ ನನಗೆ ಸಿಕ್ಕ ಶಿಕ್ಷೆ. ಇಂದು ಆಟಗಳನ್ನು ತಯಾರಿಸುವ ಕಂಪನಿಯಲ್ಲಿ ಒಂದು ತಂಡವನ್ನೇ ನಡೆಸುವ ಮಟ್ಟಕ್ಕೆ ನಾನು ಬೆಳೆದಿದ್ದರೆ (ಹೇಳಿಕೊಳ್ಳಲು ಸಂಕೋಚವೇನಿಲ್ಲ) ಅದರ ಬೇರು ಆ ಶಿಕ್ಷೆಯಲ್ಲಿದೆ.

ಈಗಿನ ವಿದ್ಯಾರ್ಥಿಗಳು ತಿರುಗುವ ಬಣ್ಣದ ಘನದ ಪ್ರೋಗ್ರಾಮನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ, ಮಿನಿ ಪ್ರಾಜೆಕ್ಟ್ ಅಂಗಡಿಯಲ್ಲೇ ಸಿಗುತ್ತದೆ. ಕೆಲಸಕ್ಕೆಂದು ಸಂದರ್ಶನಕ್ಕೆ ಬರುವವರು ಗೆರೆ ಎಳೆಯುವ, 1965ರಲ್ಲಿ ಪ್ರಕಟವಾದ ಬ್ರೆಸೆನ್‌ಹ್ಯಾಮ್ ವಿಧಾನವನ್ನು ತಡವರಿಸದೆ ಒಪ್ಪಿಸುತ್ತಾರೆ. ಕಾಗದದ ಮೇಲೆ ಪೆನ್ನಿನಿಂದ ಚಿತ್ರ ಬರೆಯುವ ಪ್ಲಾಟರ್ ಯಂತ್ರದಿಂದ ಗೆರೆ ಎಳೆಸಲು ಹುಟ್ಟಿದ ಆ ವಿಧಾನ ದಶಮಾಂಶಗಳ ಗೊಡವೆಗೇ ಹೋಗದೆ ಪೂರ್ಣಾಂಕಗಳಲ್ಲೇ ಏಕೆ ಕೆಲಸ ಮುಗಿಸುತ್ತದೆಂದು ಕೇಳಿದರೆ ಸುಮ್ಮನಾಗುತ್ತಾರೆ. ಆಮೇಲೆ ನಾನು, ನೀವು ಬರೆದದ್ದರಲ್ಲಿ ಕೆಟ್ಟುಹೋದ ಒಂದು ಚಿತ್ರ ತೋರಿಸಿ ಎನ್ನುತ್ತೇನೆ. ಎಲ್ಲವೂ ಮೊದಲ ಸಲಕ್ಕೇ ಸರಿಬಂತೆನ್ನುವವರನ್ನು ತೆಗೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.