ಯಂತ್ರದ ಮುಂದೆ ನಿಲ್ಲುವವರೇ ಪ್ರೋಗ್ರಾಂ ಬರೆಯುವಂತಾದಾಗ

ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ ಲೇತ್‌ಗಳ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರಗಳ) ಮೇಲೆ ಜಾಬ್‌ವರ್ಕ್ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಉತ್ಪಾದನೆಯ ಹೊಣೆ ನನ್ನದು. ಬಹಳ ಕಾಲ ನಮ್ಮ ಪ್ರೋಗ್ರಾಂಗಳನ್ನು ಹೊರಗಿನವರೊಬ್ಬರು ಬರೆದುಕೊಡುತ್ತಿದ್ದರು. ಅವರ ಕೆಲಸ ಅಚ್ಚುಕಟ್ಟಾಗಿಯೇ ಇತ್ತು; ಆದರೆ ಗ್ರಾಹಕರು ಡ್ರಾಯಿಂಗ್‌ನಲ್ಲಿ ಒಂದು ಅಳತೆಯನ್ನು ಬದಲಿಸಿದರೂ ಅವರು ಬರುವ ತನಕ ಯಂತ್ರ ಖಾಲಿ ನಿಲ್ಲುತ್ತಿತ್ತು.

ಹೊಸ ಲೇತ್‌ನಲ್ಲಿ ಫ್ಯಾನಕ್ ಕಂಪನಿಯ ಮ್ಯಾನುಯಲ್ ಗೈಡ್ ಐ, ಅಂದರೆ ಪರದೆ ಕೇಳುವ ಪ್ರಶ್ನೆಗಳಿಗೆ ಉತ್ತರ ತುಂಬಿ ಪ್ರೋಗ್ರಾಂ ತಯಾರಿಸುವ ವ್ಯವಸ್ಥೆ, ಇದ್ದುದರಿಂದ ಪ್ರೋಗ್ರಾಂ ಬರೆಯುವುದನ್ನು ನಮ್ಮಲ್ಲೇ ಕಲಿಯಲು ನಿರ್ಧರಿಸಿದೆವು. ಮಜಾಕ್ ಸಂಸ್ಥೆ 1981ರಲ್ಲೇ ಮಜಾಟ್ರೋಲ್ ಎಂಬ ಹೆಸರಿನಲ್ಲಿ ಇಂಥ ವ್ಯವಸ್ಥೆಯನ್ನು ತಂದಿತ್ತು. ಸೀಮೆನ್ಸ್‌ನ ಶಾಪ್‌ಟರ್ನ್ ಕೂಡ ಇದೇ ಬಗೆಯದು. ಯಂತ್ರಕ್ಕೆ ಕೊಡುವ ಆದೇಶಗಳಾದ ಜಿ-ಕೋಡ್‌ಗಳನ್ನು ಸಾಲುಸಾಲಾಗಿ ಬರೆಯುವ ಬದಲು, ಪರದೆಯ ಮೇಲಿನ ಚಿತ್ರವನ್ನು ನೋಡುತ್ತ ವ್ಯಾಸ, ಉದ್ದ, ಫೀಡ್ (ಟೂಲ್ ಮುಂದೆ ಸಾಗುವ ದರ), ಥ್ರೆಡ್ಡಿನ ಪಿಚ್ (ಎಳೆಗಳ ನಡುವಿನ ಅಂತರ) ಇವನ್ನು ತುಂಬಿದರೆ ಟೂಲ್ ಸಾಗಬೇಕಾದ ಹಾದಿಯನ್ನು ಕಂಟ್ರೋಲರ್ ತಾನೇ ಲೆಕ್ಕ ಹಾಕುತ್ತದೆ.

ಇದನ್ನು ಬೇಗ ಕೈವಶ ಮಾಡಿಕೊಂಡವರು ಆಪರೇಟರ್‌ಗಳು. ಕಡಿದು ಬರುವ ಲೋಹದ ಚೂರು (ಚಿಪ್ಸ್) ಸುರುಳಿಯಾಗುತ್ತಿದೆಯೋ ತುಂಡಾಗುತ್ತಿದೆಯೋ ಎಂದು ನೋಡಿಯೇ ಫೀಡ್ ಸರಿಪಡಿಸಬಲ್ಲವರಿಗೆ ಪರದೆ ಕೇಳುವ ಪ್ರಶ್ನೆಗಳು ಹೊಸವಲ್ಲ. ಆದರೆ ಪರದೆ ಕೇಳದ ಪ್ರಶ್ನೆಗಳೇ ಹೆಚ್ಚು ಮುಖ್ಯವೆಂದು ನನಗೆ ಮನವರಿಕೆಯಾಗಿದೆ: ಜಾಬನ್ನು (ಕಡೆಯಬೇಕಾದ ಲೋಹದ ತುಂಡನ್ನು) ಮೊದಲು ಯಾವ ಕಡೆಯಿಂದ ಹಿಡಿಯಬೇಕು, ತೆಳು ಗೋಡೆಯ ಬುಷ್ (ಕೊಳವೆಯಾಕಾರದ ಭಾಗ) ಅದನ್ನು ಹಿಡಿಯುವ ಚಕ್ಕಿನ ಒತ್ತಡಕ್ಕೆ ಆಕಾರ ಕೆಡುವುದಿಲ್ಲವೇ, ಒಳ ಬೋರನ್ನೂ (ರಂಧ್ರವನ್ನೂ) ಹೊರ ವ್ಯಾಸವನ್ನೂ ಒಂದೇ ಹಿಡಿತದಲ್ಲಿ ಮುಗಿಸಬಹುದೇ? ಆದ್ದರಿಂದ ಈ ಕ್ರಮವನ್ನು ಹಾಳೆಯ ಮೇಲೆ ಬರೆದು ತೋರಿಸಿದ ನಂತರವೇ ಪರದೆಯನ್ನು ಮುಟ್ಟಬೇಕೆಂಬ ಪದ್ಧತಿ ಇಟ್ಟುಕೊಂಡಿದ್ದೇವೆ.

ಪರದೆ ಎಷ್ಟೇ ಸುಲಭವಾಗಿದ್ದರೂ ಅದರ ಹಿಂದಿರುವ ಲೆಕ್ಕ ತಿಳಿದಿರಲೇಬೇಕು. ಕಟಿಂಗ್ ವೇಗವನ್ನು ನಿಮಿಷಕ್ಕೆ 180 ಮೀಟರ್ ಎಂದು ಸ್ಥಿರವಾಗಿಟ್ಟರೆ 50 ಮಿ.ಮೀ. ವ್ಯಾಸದಲ್ಲಿ ಜಾಬನ್ನು ತಿರುಗಿಸುವ ಸ್ಪಿಂಡಲ್ ಸುಮಾರು 1,146 ಆರ್‌ಪಿಎಂನಲ್ಲಿ ತಿರುಗುತ್ತದೆ. ಫೇಸಿಂಗ್ ಮಾಡುತ್ತ, ಅಂದರೆ ತುದಿಯ ಮುಖವನ್ನು ಕಡೆಯುತ್ತ, ಟೂಲ್ 10 ಮಿ.ಮೀ. ವ್ಯಾಸಕ್ಕೆ ಬರುವಷ್ಟರಲ್ಲಿ ಅದು 5,730ಕ್ಕೆ ಏರಲು ನೋಡುತ್ತದೆ. ವೇಗ ಹೆಚ್ಚಿದಂತೆ ಚಕ್ಕಿನ ಜಾಗಳು (ಹಿಡಿಯುವ ದವಡೆಗಳು) ಹೊರಕ್ಕೆ ಎಳೆಯಲ್ಪಟ್ಟು ಹೊರಗಿನಿಂದ ಹಿಡಿದ ಜಾಬ್‌ನ ಹಿಡಿತ ಸಡಿಲವಾಗುವುದರಿಂದ, ಗರಿಷ್ಠ ವೇಗದ ಮಿತಿಯನ್ನು ಜಿ50 ಎಂಬ ಆದೇಶದ ಮೂಲಕ ಕಟ್ಟಿಹಾಕುವುದು ಆಪರೇಟರ್‌ನ ಪ್ರಾಣಕ್ಕೆ ಸಂಬಂಧಿಸಿದ ವಿಷಯ. ಇದನ್ನು ಕಲಿಸಲು ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ದಶಮಾಂಶ ಬಿಂದುವಿನ ವಿಷಯವೂ ಅಷ್ಟೇ: ನಮ್ಮ ಲೇತ್‌ನಲ್ಲಿ ಜಿ-ಕೋಡ್ ಬರೆಯುವಾಗ ಬಿಂದು ಇಡದೆ ಎಕ್ಸ್50 ಎಂದರೆ ಯಂತ್ರ ಅದನ್ನು 50 ಮಿ.ಮೀ. ಬದಲು 50 ಮೈಕ್ರಾನ್ (0.05 ಮಿ.ಮೀ.) ಎಂದು ಓದುತ್ತದೆ.

ಸಿಮ್ಯುಲೇಶನ್ ಸರಿಯಾಗಿ ಓಡಿದ ಮಾತ್ರಕ್ಕೆ ಪ್ರೋಗ್ರಾಂ ಸಿದ್ಧವಾಯಿತೆಂದು ನಾವು ಪರಿಗಣಿಸುವುದಿಲ್ಲ. ಚಕ್ಕಿನ ಜಾಗಳು ಇಂದು ಎಷ್ಟು ಹೊರಗಿವೆ, ಒಳರಂಧ್ರ ಕಡೆಯುವ ಬೋರಿಂಗ್ ಬಾರ್ ಎಷ್ಟು ಉದ್ದ ಚಾಚಿದೆ ಎಂಬುದನ್ನು ನಾವು ಹೇಳದ ಹೊರತು ಸಿಮ್ಯುಲೇಶನ್ ಅರಿಯದು. ಮೊದಲ ಜಾಬ್ ಸಿಂಗಲ್ ಬ್ಲಾಕ್‌ನಲ್ಲಿ (ಪ್ರೋಗ್ರಾಂನ ಒಂದೊಂದೇ ಸಾಲಾಗಿ), ರಾಪಿಡ್ ಓವರ್‌ರೈಡನ್ನು (ಟೂಲ್ ಕಡಿಯದೆ ಸಾಗುವಾಗಿನ ವೇಗವನ್ನು) ತಗ್ಗಿಸಿಕೊಂಡೇ ಓಡಬೇಕು.

ಕಲಿತವರು ಬೇರೆಡೆಗೆ ಹೋಗಿಬಿಟ್ಟರೆ ಎಂಬ ಆತಂಕ ಮಾಲೀಕರಿಗಿತ್ತು. ಪ್ರೋಗ್ರಾಂ ಬರೆಯುವ ಆಪರೇಟರ್‌ಗೆ ಯಂತ್ರವನ್ನು ಹೊಸ ಜಾಬ್‌ಗೆ ಸಜ್ಜುಗೊಳಿಸುವ ಸೆಟ್ಟರ್‌ನ ದರ್ಜೆಯ ಸಂಬಳವನ್ನೇ ಕೊಡಬೇಕೆಂದು ನಾನು ಕೇಳಿಕೊಂಡೆ, ಅವರು ಒಪ್ಪಿದರು. ಈಗ ರಾತ್ರಿ ಪಾಳಿಯಲ್ಲೂ ಡ್ರಾಯಿಂಗ್ ಬದಲಾವಣೆಗೆ ತಕ್ಕಂತೆ ಪ್ರೋಗ್ರಾಂ ತಿದ್ದಬಲ್ಲವರು ನಮ್ಮಲ್ಲಿದ್ದಾರೆ.