ಅಜ್ಜಿ ಹೇಳದೆ ಉಳಿಸಿಕೊಂಡ ಮಾತು

ಮೆಲ್ಬರ್ನಿನಲ್ಲಿ ಸಮಾಜಕಾರ್ಯ ಪದವಿಯ ಮೂರನೆಯ ವರ್ಷ ಮುಗಿಸಿ, ರಜೆಗೆಂದು ಶ್ರೀನಿವಾಸಪುರಕ್ಕೆ ಬಂದಿದ್ದೇನೆ. ಮಾವು ಹೂ ಬಿಡುವ ಕಾಲವಾದ್ದರಿಂದ ತೋಟದ ಕಡೆ ಬರುವವರು ಹೆಚ್ಚು. ಬಂದವರೆಲ್ಲ ಅಪ್ಪನನ್ನು ಕೇಳುವುದು ಒಂದೇ ಪ್ರಶ್ನೆ: "ಸಮಾಜಸೇವೆ ಮಾಡೋದಕ್ಕೆ ಅಷ್ಟು ದೂರ ಹೋಗಿ ಓದಬೇಕಾ?" ಸೇವೆಗೆ ಮನಸ್ಸು ಸಾಕು, ನಿಜ. ಆದರೆ ಸಮಾಜಕಾರ್ಯ ಕಲಿತು ಮಾಡುವ ವೃತ್ತಿ. ನಮ್ಮ ದೇಶದಲ್ಲಿಯೇ 1936ರಲ್ಲಿ ಮುಂಬಯಿಯಲ್ಲಿ ಟಾಟಾ ಟ್ರಸ್ಟಿನವರು ಅದಕ್ಕೆಂದು ಶಾಲೆ ತೆರೆದಿದ್ದರು.

ನಾನು ಓದುತ್ತಿರುವುದು ನಾಲ್ಕು ವರ್ಷದ ಕೋರ್ಸು. ಆಸ್ಟ್ರೇಲಿಯಾದ ಸಮಾಜಕಾರ್ಯಕರ್ತರ ಸಂಘದ ಮಾನ್ಯತೆ ಇರುವ ಪದವಿ ಬೇಕೆಂದರೆ ಕನಿಷ್ಠ 1000 ಗಂಟೆ ಕ್ಷೇತ್ರಕಾರ್ಯ (ಸೇವಾ ಸಂಸ್ಥೆಗಳಲ್ಲಿ ಮೇಲ್ವಿಚಾರಕರ ಕೈಕೆಳಗೆ ಕೆಲಸ ಮಾಡುತ್ತ ಕಲಿಯುವುದು) ಮಾಡಲೇಬೇಕು. ಪೊಲೀಸ್ ಪರಿಶೀಲನೆಯ ಪತ್ರ, ಮಕ್ಕಳೊಂದಿಗೆ ಕೆಲಸ ಮಾಡುವ ಅನುಮತಿ ಎರಡೂ ಕೈಗೆ ಬಂದ ಮೇಲೆಯೇ ಮೊದಲ ದಿನ. ಈ ಗಂಟೆಗಳಿಗೆ ನನಗೆ ಸಂಬಳವಿರಲಿಲ್ಲ. 2025ರ ಜುಲೈಯಿಂದ ಅಲ್ಲಿನ ಸರ್ಕಾರ ಕ್ಷೇತ್ರಕಾರ್ಯದ ಅವಧಿಗೆ ಕೊಡುತ್ತಿರುವ ಭತ್ಯೆ ನಮ್ಮಂಥ ವಿದೇಶಿ ವಿದ್ಯಾರ್ಥಿಗಳಿಗೆ ಅನ್ವಯಿಸುವುದಿಲ್ಲ. ತರಗತಿಗಳು ನಡೆಯುವಾಗ ಎರಡು ವಾರಕ್ಕೆ 48 ಗಂಟೆ ದುಡಿಯಲು ವೀಸಾದಲ್ಲಿ ಅವಕಾಶವಿದೆ, ಕ್ಷೇತ್ರಕಾರ್ಯ ಆ ಲೆಕ್ಕಕ್ಕೆ ಸೇರುವುದೂ ಇಲ್ಲ. ಆದರೆ ಹಗಲೆಲ್ಲ ಕ್ಷೇತ್ರದಲ್ಲಿ ಕಳೆದವರಿಗೆ ದುಡಿಯಲು ಉಳಿಯುವುದು ರಾತ್ರಿ ಮತ್ತು ಶನಿವಾರ, ಭಾನುವಾರ ಮಾತ್ರ. ಹೊರಡುವ ಮುನ್ನ ಕೋರ್ಸಿನ ಶುಲ್ಕದ ಜೊತೆಗೆ ಆ ತಿಂಗಳುಗಳ ಬಾಡಿಗೆಯನ್ನೂ ಲೆಕ್ಕ ಹಾಕಿಟ್ಟುಕೊಳ್ಳಿ ಎಂದು ಈ ದಾರಿ ಹಿಡಿಯುವ ತಂಗಿ, ತಮ್ಮಂದಿರಿಗೆ ಒತ್ತಿ ಹೇಳುತ್ತೇನೆ.

ಇಷ್ಟು ಕಷ್ಟಪಟ್ಟು ಕಲಿತದ್ದೇನು ಎಂದರೆ, ನನ್ನ ಮಟ್ಟಿಗೆ ಒಂದು ಮಧ್ಯಾಹ್ನ ಕಲಿತದ್ದೇ ದೊಡ್ಡದು. ಇಂಗ್ಲಿಷ್ ಬಾರದ ವೃದ್ಧೆಯೊಬ್ಬರ ಜೊತೆ ದುಭಾಷಿಯ ಮೂಲಕ ಮಾತನಾಡಬೇಕಿತ್ತು. ದುಭಾಷಿಯ ಮುಖ ನೋಡಬೇಡ, ಆ ತಾಯಿಯ ಮುಖ ನೋಡಿ ಮಾತನಾಡು, 'ಅವರಿಗೆ ಕೇಳಿ' ಎನ್ನದೆ 'ನಿಮಗೆ ಹೇಗನ್ನಿಸುತ್ತದೆ' ಎಂದೇ ಕೇಳು ಎಂದು ನನ್ನ ಮೇಲ್ವಿಚಾರಕರು ಮೊದಲೇ ತಿಳಿಸಿದ್ದರು. ಜೊತೆಗೆ ಬಂದಿದ್ದ ಮೊಮ್ಮಗ ಚೆನ್ನಾಗಿ ಇಂಗ್ಲಿಷ್ ಬಲ್ಲವನು. ಆದರೂ ಅವನಿಂದ ಭಾಷಾಂತರ ಮಾಡಿಸಲಿಲ್ಲ. ಮನೆಯ ಮಕ್ಕಳ ಮೇಲೆ ಆ ಹೊರೆ ಹೊರಿಸಬಾರದು ಎಂಬುದು ಅಲ್ಲಿ ಪಾಲಿಸುವ ಪದ್ಧತಿ.

ಅದನ್ನು ಕೇಳಿದಾಗ ನನ್ನ ಎದೆ ಕಲಕಿತು. ನಮ್ಮ ಮನೆಯಲ್ಲಿ, ಈ ಭಾಗದ ಎಷ್ಟೋ ಮನೆಗಳಲ್ಲಿರುವಂತೆ, ಒಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ನನಗೆ ಹತ್ತು ವರ್ಷವಿದ್ದಾಗ ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬೇರೆ ಜಿಲ್ಲೆಯಿಂದ ಬಂದಿದ್ದ ವೈದ್ಯರಿಗೆ ತೆಲುಗು ಬರುತ್ತಿರಲಿಲ್ಲ. ಮೂತ್ರದಲ್ಲಿ ರಕ್ತ ಹೋಗುತ್ತಿದೆಯೇ ಎಂದು ಅವರು ಕೇಳಿದ್ದನ್ನು ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ನನ್ನ ಕಡೆ ನೋಡದೆ, "ಏಮೀ ಲೇದನಿ ಚೆಪ್ಪು" ಎಂದರು. ಏನೂ ಇಲ್ಲವಂತೆ ಎಂದು ನಾನು ಕನ್ನಡದಲ್ಲಿ ಒಪ್ಪಿಸಿದೆ. ರೋಗ ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಮೊಮ್ಮಗಳ ಬಾಯಿಂದ ಆ ಮಾತು ಹೊರಡುವುದು ಅಜ್ಜಿಗೆ ಬೇಡವಾಗಿತ್ತು ಎಂದು ಇಷ್ಟು ವರ್ಷವಾದ ಮೇಲೆ ನನಗೆ ಅರ್ಥವಾಯಿತು.

ಕಳೆದ ವಾರ ಪಕ್ಕದ ಮನೆಯ ಅಕ್ಕ ಆಸ್ಪತ್ರೆಗೆ ಹೊರಟಿದ್ದರು. ಜೊತೆಗೆ ಹೋಗಲು ಅವರ ಮಗ ಶಾಲೆ ಬಿಟ್ಟು ಸಿದ್ಧನಾಗಿದ್ದ. ಅವನನ್ನು ಶಾಲೆಗೆ ಕಳುಹಿಸಿ ನಾನು ಬರುತ್ತೇನೆ ಎಂದೆ. ದಾರಿಯಲ್ಲಿಯೇ ಹೇಳಿದೆ: "ಅಕ್ಕ, ಅಲ್ಲಿ ನೀವು ಹೇಳಿದ್ದನ್ನೆಲ್ಲ ನಾನು ಹಾಗೆಯೇ ಹೇಳುತ್ತೇನೆ, ಒಂದು ಮಾತನ್ನೂ ಬಿಡುವುದಿಲ್ಲ. ಬೇರೆ ಯಾರಿಗೂ ಹೇಳುವುದಿಲ್ಲ." ಅವರು ಸ್ವಲ್ಪ ದೂರ ಸುಮ್ಮನೆ ನಡೆದರು. ಆಮೇಲೆ, ಮಗನ ಮುಂದೆ ಹೇಳಲಾಗದೆ ಇಟ್ಟುಕೊಂಡಿದ್ದ ನೋವನ್ನು ತೆಲುಗಿನಲ್ಲಿ ಹೇಳತೊಡಗಿದರು.