ಬುಡ ಕಾಣದ ಮರ

ತೋಟಗಾರಿಕೆ ಓದಿ ಪಾರ್ಕ್ ಆಡಳಿತದ ಕೆಲಸಕ್ಕೆ ಸೇರಿದೆ. ದಿನವಿಡೀ ಗಿಡಮರಗಳ ಜೊತೆ ಇರುತ್ತೇನೆ ಅಂದುಕೊಂಡಿದ್ದೆ. ಸಿಕ್ಕಿದ್ದು ಟೆಂಡರ್, ಬಿಲ್, ಹಾಜರಾತಿ, ದೂರು. ಬೆಂಚ್ ಮುರಿದಿದೆ, ದೀಪ ಉರಿಯುತ್ತಿಲ್ಲ, ನಾಯಿ ಒಳಗೆ ಬಿಡಬೇಡಿ, ನಾಯಿ ಯಾಕೆ ಬಿಡಲ್ಲ? ಮರದ ಬಗ್ಗೆ ಮಾತ್ರ ಅದು ಬೀಳುವ ತನಕ ಯಾರೂ ಅರ್ಜಿ ಕೊಡುವುದಿಲ್ಲ.

ನನ್ನ ಕೈಗೆ ಬಂದ ಮೊದಲ ಪಾರ್ಕಿನ ನಡುವೆ ದೊಡ್ಡದೊಂದು ಮಳೆಮರ ಇತ್ತು. ಜನ ಅದರ ನೆರಳಲ್ಲಿ ಕೂತೂ ಕೂತೂ ಹುಲ್ಲು ಸವೆದು, ಮಳೆ ಬಂದರೆ ಬರೀ ಕೆಸರು. ನಾನು ಸುತ್ತಲೂ ಕಲ್ಲು ಹಾಸಿಸಿದೆ. ನೆಲ ಸಮ ಆಗಲಿ ಅಂತ ಬುಡಕ್ಕೆ ಒಂದಡಿ ಮಣ್ಣು ತುಂಬಿಸಿ ರೋಲರ್ ಹೊಡೆಸಿದೆ. ದೀಪದ ಕೇಬಲ್‌ಗೆ ಒಂದು ಬದಿಯಲ್ಲಿ ಕಾಲುವೆ ತೋಡಿಸಿದೆ. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಮೇಲಿನವರು ಬಂದು ಬೆನ್ನು ತಟ್ಟಿದರು. ಹಳೆಯ ಮಾಲಿ ಒಬ್ಬರು ಮಾತ್ರ "ಸಾರ್, ಬುಡ ಕಾಣ್ತಿಲ್ಲ" ಅಂದರು. ಬುಡ ಕಂಡು ಏನಾಗಬೇಕು ಅಂತ ನಾನು ಸುಮ್ನೆ ನಕ್ಕೆ.

ಆಮೇಲೆ ವರ್ಗಾವಣೆ. ಐದು ವರ್ಷದ ಮೇಲೆ ಅದೇ ಪಾರ್ಕಿಗೆ ವಾಪಸ್ ಬಂದಾಗ ಮರದ ನೆತ್ತಿ ಬೋಳಾಗಿತ್ತು. ಕೇಬಲ್ ಹೋದ ಬದಿಯ ಕೊಂಬೆಗಳು ಪೂರ್ತಿ ಒಣಗಿದ್ದವು. ಕಾಯಿಲೆ ಇರಬೇಕು ಅಂತ ಫೈಲಿನಲ್ಲಿ ಬರೆದಿದ್ದರು. ಮರ ಉಳಿಯಲಿಲ್ಲ. ಕಡಿಸಿದ ಮೇಲೆ ಕಲ್ಲು ಎಬ್ಬಿಸಿ ನೋಡಿದೆ. ಹಾರೆ ಹಾಕಿದರೆ ಠಣ್ ಅನ್ನುವಷ್ಟು ಗಟ್ಟಿ ಮಣ್ಣು. ಬೂದು ಬಣ್ಣ, ಹುಳಿ ವಾಸನೆ, ಒಂದೇ ಒಂದು ಎರೆಹುಳ ಇಲ್ಲ. ಬದುಕಿದ್ದ ನಾಲ್ಕೈದು ಸಣ್ಣ ಬೇರುಗಳು ಗಾಳಿ ಹುಡುಕಿಕೊಂಡು ಕಲ್ಲಿನ ಸಂದಿಗೇ ಅಂಟಿಕೊಂಡು ಹೋಗಿದ್ದವು.

ಕಾಲೇಜಿನಲ್ಲಿ ಇದನ್ನೆಲ್ಲ ಓದಿದ್ದೆ. ಮರದ ಬೇರು ಜಾಸ್ತಿ ಇರುವುದು ಮೇಲಿನ ಎರಡಡಿಯಲ್ಲೇ. ಅಗಲಕ್ಕೆ ಕೊಂಬೆಗಳನ್ನೂ ದಾಟಿ ಹೋಗಿರುತ್ತದೆ. ಬೇರಿಗೂ ಉಸಿರು ಬೇಕು. ಮಣ್ಣು ಒತ್ತಿದರೆ ಗಾಳಿಯೂ ಇಲ್ಲ, ನೀರೂ ಇಳಿಯಲ್ಲ. ಸರಿಯಾಗಿ ನಿಂತ ಮರದ ಕಾಂಡ ನೆಲಕ್ಕೆ ಸೇರುವ ಕಡೆ ಅಗಲವಾಗಿ ಹರಡಿಕೊಂಡಿರುತ್ತದೆ. ಕಂಬ ನೆಟ್ಟ ಹಾಗೆ ನೇರ ಇಳಿದಿದ್ದರೆ ಸಾಮಾನ್ಯವಾಗಿ ಬುಡ ಹೂತಿದೆ ಅಂತಲೇ ಅರ್ಥ. ಮಾಲಿ ಹೇಳಿದ್ದು ಇದನ್ನೇ.

ನಮ್ಮ ಕೆಲಸದ ಕಷ್ಟ ಇರುವುದು ಇಲ್ಲೇ. ತಪ್ಪು ಮಾಡಿದವನ ಕಣ್ಣೆದುರು ಮರ ಸಾಯುವುದಿಲ್ಲ. ಅಷ್ಟರಲ್ಲಿ ಬಿಲ್ ಪಾಸಾಗಿ, ಅವನು ಬೇರೆ ಊರಲ್ಲಿ ಇನ್ನೊಂದು ಕಲ್ಲುಹಾಸು ಮಾಡಿಸುತ್ತಿರುತ್ತಾನೆ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಪಾರ್ಕಿನ ಸಿಬ್ಬಂದಿಯೇ ತೋಳಗಳನ್ನು ಕೊಂದರು, ಒಳ್ಳೆಯದು ಮಾಡುತ್ತಿದ್ದೇವೆ ಅಂತಲೇ. 1926ರ ಹೊತ್ತಿಗೆ ಅವು ಮುಗಿದಿದ್ದವು. ಆ ತಪ್ಪು ತಿದ್ದಿ ಕೆನಡಾದಿಂದ ತೋಳ ತಂದು ಬಿಡಲು 1995 ಬರಬೇಕಾಯಿತು. ಕೊಂದವರಲ್ಲಿ ಯಾರೂ ಆಗ ಕೆಲಸದಲ್ಲಿ ಇರಲಿಲ್ಲ, ಅಲ್ವಾ?

ಈಗ ಯಾವುದೇ ಕಾಮಗಾರಿಗೆ ಸಹಿ ಹಾಕುವ ಮುಂಚೆ ಟೇಪ್ ಹಿಡಿದು ಹೋಗುತ್ತೇನೆ. ಎದೆಯೆತ್ತರದಲ್ಲಿ ಕಾಂಡದ ಅಡ್ಡಳತೆ ಎಷ್ಟೋ ಅದರ 12 ಪಟ್ಟು ದೂರಕ್ಕೆ ಸುತ್ತಲೂ ಸುಣ್ಣದ ಪುಡಿಯ ಗೆರೆ. ಒಂದು ಮೀಟರ್ ದಪ್ಪದ ಮರಕ್ಕೆ 12 ಮೀಟರ್. ಆ ಗೆರೆಯೊಳಗೆ ಅಗೆತ ಇಲ್ಲ, ರೋಲರ್ ಇಲ್ಲ, ಜಲ್ಲಿ ಸುರಿಯುವಂತಿಲ್ಲ. ಇಂಜಿನಿಯರ್‌ಗಳಿಗೆ ಸಿಟ್ಟು ಬರುತ್ತದೆ, ಬರಲಿ. ಪ್ರತಿ ದೊಡ್ಡ ಮರಕ್ಕೂ ಒಂದು ಪುಟ ಇಟ್ಟಿದ್ದೇನೆ. ವರ್ಷಕ್ಕೊಮ್ಮೆ ಅದೇ ತಿಂಗಳು, ಅದೇ ಜಾಗದಲ್ಲಿ ನಿಂತು ಒಂದು ಫೋಟೋ. ಬುಡದಲ್ಲಿ ಏನು ಮಾಡಿದೆವು, ಯಾರು ಮಾಡಿಸಿದರು ಅನ್ನುವುದೂ ಅದರಲ್ಲಿದೆ. ಮೊದಲ ಪುಟದಲ್ಲಿ ನನ್ನದೇ ಹೆಸರು.

ಅದೇ ಪಾರ್ಕಿನಲ್ಲಿ ಎರಡನೇ ಮಳೆಮರಕ್ಕೂ ಅರ್ಧ ಸುತ್ತು ಕಲ್ಲು ಹಾಕಿಸಿದ್ದೆ. ಅದನ್ನು ತೆಗೆಸಿ, ಹೂತ ಬುಡ ಬಿಡಿಸಿ, ಕಾಂಡಕ್ಕೆ ತಾಗದ ಹಾಗೆ ಮೂರು ಇಂಚು ಒಣಎಲೆ ಹಾಸಿ ಮೂರು ವರ್ಷ ಆಯಿತು. ಈ ಸಲ ತುದಿಯಲ್ಲಿ ಚಿಗುರು ಬಂದಿದೆ, ಒಂದು ಕೊಂಬೆ ಇನ್ನೂ ಬೋಳು. ಮುಂದಿನ ಫೋಟೋ ತೆಗೆಯುವುದು ನಾನಲ್ಲ. ಹೋದ ವಾರ ವರ್ಗಾವಣೆ ಆದೇಶ ಬಂತು.